ಕಾಡಿನ ಲೆಕ್ಕ

ಯಳಂದೂರಿನಲ್ಲಿ ಬಳೆಮಂಟಪದ ಹಿಂದಿನ ಬೀದಿಯಲ್ಲಿ ಶಿವರತ್ನಮ್ಮ ಟ್ಯೂಷನ್ ನಡೆಸುತ್ತಿದ್ದಳು. ಮನೆಯ ಮುಂದಿನ ಜಗುಲಿಗೆ ಶೀಟು ಹೊದಿಸಿ, ಗೋಡೆಗೆ ಕರಿಹಲಗೆ ಬಡಿಸಿ, ಕೆಳಗೆ ಪ್ಲಾಸ್ಟಿಕ್ ಚಾಪೆ ಹಾಸಿದ್ದಳು. ಮೂರನೆಯ ತರಗತಿಯಿಂದ ಐದರವರೆಗಿನ ಮಕ್ಕಳು ಸಂಜೆ ಶಾಲೆ ಬಿಟ್ಟ ಮೇಲೆ ಮನೆಗೆ ಹೋಗಿ, ಏನಾದರೂ ತಿಂದುಕೊಂಡು ಅಲ್ಲಿಗೆ ಬರುತ್ತಿದ್ದರು. ಹೇಳಿಕೊಡುತ್ತಿದ್ದದ್ದು ಲೆಕ್ಕ ಒಂದನ್ನೇ. ಬರುತ್ತಿದ್ದವರೂ ಲೆಕ್ಕ ತಲೆಗೆ ಹತ್ತದವರೇ. ಚುರುಕಾದ ಮಕ್ಕಳನ್ನು ಅಪ್ಪ ಅಮ್ಮಂದಿರು ಬೆಳಗ್ಗೆಯೇ ಚಾಮರಾಜನಗರದ ಶಾಲೆಗಳ ವ್ಯಾನು ಹತ್ತಿಸುತ್ತಿದ್ದರು. ಉಳಿದವರು ಶಿವರತ್ನಮ್ಮನ ಪಾಲು.

ಅವಳು ಹಿಂದೆ ಸುತ್ತಮುತ್ತಲ ಊರಿನ ಶಾಲೆಗಳಲ್ಲಿ ಅತಿಥಿ ಶಿಕ್ಷಕಿಯಾಗಿ ಕೆಲಸ ಮಾಡಿದ್ದಳು. ಒಂದು ಮಗುವಿನ ಮೇಲೂ ಕೈ ಮಾಡಿದವಳಲ್ಲ. ಇದನ್ನು ಅವಳೇ ಎಲ್ಲರಿಗೂ ಹೇಳುತ್ತಿದ್ದಳು, ಮತ್ತು ಅದು ನಿಜವೂ ಆಗಿತ್ತು. ಗಂಡ ಮಲ್ಲಿಕಾರ್ಜುನಸ್ವಾಮಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಒಬ್ಬಳೇ ಮಗಳು ದಿವ್ಯ ಎರಡನೇ ಪಿಯುಸಿ ಓದುತ್ತಿದ್ದಳು.

ಆ ವರ್ಷ ಬಸ್ ಸ್ಟ್ಯಾಂಡಿನ ಹತ್ತಿರ ಇನ್ನೊಂದು ಟ್ಯೂಷನ್ ತೆರೆಯಿತು. ಅಲ್ಲಿ ಗೋಡೆಗೆ ದೊಡ್ಡ ಟಿವಿ ಹಾಕಿದ್ದರು, ಕೂರುವುದಕ್ಕೆ ಬಣ್ಣದ ಕುರ್ಚಿಗಳಿದ್ದವು. ಶಿವರತ್ನಮ್ಮನ ಚಾಪೆಯ ಮೇಲಿನ ಮಕ್ಕಳು ಒಬ್ಬೊಬ್ಬರಾಗಿ ಅತ್ತ ಸರಿಯತೊಡಗಿದರು. ಉಳಿದವರೂ ತುಟಿ ಬಿಚ್ಚುತ್ತಿರಲಿಲ್ಲ. ಏನು ಕೇಳಿದರೂ ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತ ಕೂರುತ್ತಿದ್ದರು. ಹತ್ತಿರದ ಅಗರ ಗ್ರಾಮದ ದೊಡ್ಡಬಸಮ್ಮನ ಮೊಮ್ಮಗ ಮಣಿಕಂಠನಂತೂ ಹೆಸರು ಕೂಗಿದರೆ ಸಾಕು, ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ. ದೊಡ್ಡಬಸಮ್ಮ ಗದ್ದೆ ತೋಟ ಇರುವ ಗಟ್ಟಿ ಹೆಂಗಸು. ಅವಳ ಮಾತಿಗೆ ಅಗರದ ನಾಲ್ಕಾರು ಮನೆಯವರು ತಮ್ಮ ಮಕ್ಕಳನ್ನೂ ಶಿವರತ್ನಮ್ಮನಲ್ಲಿಗೆ ಕಳಿಸಿದ್ದರು. ಅವಳು ಒಂದು ದಿನ ಗೇಟಿನಲ್ಲೇ ನಿಂತು ಹೇಳಿದಳು:

"ನೋಡವ್ವ ಶಿವರತ್ನ, ಮುಂದಿನ ಪರೀಕ್ಸೆ ಗಂಟ ನೋಡ್ತೀನಿ. ಇವ್ನು ಇಂಗೇ ಬಾಯಿಗೆ ಬೀಗ ಆಕ್ಕಂಡು ಕೂತ್ರೆ ಆ ಟಿವಿ ಇರೋ ಕಡೆಗೇ ಸೇರುಸ್ತೀನಿ. ನಮ್ಮೂರ ಮಕ್ಕಳೂ ಅಲ್ಲಿಗೇ ಓಯ್ತವೆ. ಆಮ್ಯಾಕೆ ಬೇಜಾರ್ ಮಾಡ್ಕಬೇಡ."

ದಸರಾ ರಜೆ ಮುಗಿದ ಮೇಲೆ ಪುಷ್ಪ ಬಂದಳು.

ಪುಷ್ಪಳ ಅಮ್ಮ ಕ್ಯಾತಮ್ಮ ತಾಲ್ಲೂಕು ಕಚೇರಿಯಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದ್ದಳು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅವರು. ಅಪ್ಪ ಬೆಳ್ಳಯ್ಯ ಬೆಟ್ಟದಲ್ಲೇ ಅರಣ್ಯ ಇಲಾಖೆಯ ವಾಚರ್ ಆಗಿದ್ದ. ಕಾಡಿನೊಳಗಿನ ಪೋಡಿನಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ, ಅವರ ಮನೆ. ಮಗಳು ಊರಿನ ಶಾಲೆಯಲ್ಲಿ ಓದಲಿ ಎಂದು ಕ್ಯಾತಮ್ಮ ಅವಳನ್ನು ಕರೆದುಕೊಂಡು ಯಳಂದೂರಿಗೆ ಇಳಿದು, ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು. ಪುಷ್ಪಳನ್ನು ನಾಲ್ಕನೆಯ ತರಗತಿಗೆ ಸೇರಿಸಿಕೊಂಡರು. ಕನ್ನಡ ಚೆನ್ನಾಗಿ ಓದುತ್ತಿದ್ದಳು. ಲೆಕ್ಕದಲ್ಲಿ ಮಾತ್ರ ತರಗತಿಗಿಂತ ಬಹಳ ಹಿಂದಿದ್ದಳು.

ಕ್ಯಾತಮ್ಮ ಒಂದು ಮಧ್ಯಾಹ್ನ ಮಲ್ಲಿಕಾರ್ಜುನಸ್ವಾಮಿಯ ಮೇಜಿನ ಹತ್ತಿರ ಗುಡಿಸುತ್ತ, ತಲೆ ಎತ್ತದೆ ಕೇಳಿದಳು.

"ಸಾ, ನಮ್ ಮಗಿಗೂ ಒಸಿ ಲೆಕ್ಕ ಯೇಳ್ಕೊಡಕಾಯ್ತದ ಅಂತ ಅಮ್ಮಾವ್ರನ್ನ ಕೇಳಿ. ನಾನು ಮನೆ ಕೆಲ್ಸ ಏನಾದ್ರೂ ಇದ್ರೆ ಮಾಡ್ಕೊಟ್ಟೇನು."

ಅವನು ಮನೆಗೆ ಬಂದು ಹೇಳಿದ. ಶಿವರತ್ನಮ್ಮನಿಗೆ ಮನಸ್ಸಿರಲಿಲ್ಲ. ಚಾಪೆಯ ಮೇಲೆ ಯಾರ ಪಕ್ಕದಲ್ಲಿ ಕೂರಿಸುವುದು, ದೊಡ್ಡಬಸಮ್ಮ ಏನಂದಾಳು ಎಂದೆಲ್ಲ ಯೋಚಿಸಿದಳು. ಕೊನೆಗೆ, ಖಾಲಿ ಚಾಪೆಗಿಂತ ಒಂದು ತಲೆ ಹೆಚ್ಚು ಕಂಡರೆ ಒಳ್ಳೆಯದೇ ಅನ್ನಿಸಿ, "ಬರಲಿ ಬಿಡಿ. ಫೀಸು ಗೀಸು ಬೇಡ" ಎಂದಳು.

ಪುಷ್ಪ ಎಣ್ಣೆ ಹಾಕಿ ಬಿಗಿದ ಎರಡು ಜಡೆಯಲ್ಲಿ ಬಂದು ಚಾಪೆಯ ತುದಿಯಲ್ಲಿ, ಅರ್ಧ ನೆಲದ ಮೇಲೆ ಕೂತಳು. ಶಿವರತ್ನಮ್ಮ ಎಲ್ಲರ ಪರಿಚಯ ಮಾಡಿಸಿ, ಹೊಸ ಹುಡುಗಿಗೆ ಎಷ್ಟು ಬರುತ್ತದೆ ನೋಡೋಣವೆಂದು ಹಲಗೆಗೆ ಕರೆದಳು. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆಯುವ ಲೆಕ್ಕ. ಪುಷ್ಪ ಏಳರಲ್ಲಿ ಎರಡು ಕಳೆದು ಐದು ಎಂದು ಬರೆದಳು. ಐದರಲ್ಲಿ ಎರಡು ಕಳೆದು ಮೂರು ಎಂದು ಬರೆದಳು. ಮೂವತ್ತೈದು. ಅವಳಿಗೆ ಖುಷಿಯೇ ಆಗಿತ್ತು. ಸೀಮೆಸುಣ್ಣ ಹಿಡಿದುಕೊಂಡೇ ಹಿಂದಿರುಗಿ ನೋಡಿದಳು.

ಆಗ ಮಣಿಕಂಠ ನಕ್ಕ.

"ತಪ್ಪು ಕಣೇ. ಮೇಲಿನ ಎರಡರಲ್ಲಿ ಕೆಳಗಿನ ಏಳು ಓಗಲ್ಲ. ಪಕ್ಕದ್ಮನೆಯಿಂದ ಒಂದು ಹತ್ತು ತಕಬೇಕು. ಆಗ ಅದು ಹನ್ನೆರಡಾಯ್ತದೆ. ಉತ್ರ ಇಪ್ಪತ್ತೈದು."

ಶಿವರತ್ನಮ್ಮ ಬೆರಗಾದಳು. ಜೂನ್ ತಿಂಗಳಿಂದ ಈ ಹುಡುಗನ ಬಾಯಲ್ಲಿ ಒಂದು ಉತ್ತರ ಬಂದಿರಲಿಲ್ಲ. ಈಗ ಉತ್ತರವಷ್ಟೇ ಅಲ್ಲ, ನಿಯಮವನ್ನೇ ಬಿಡಿಸಿ ಹೇಳಿದ್ದ. ಉಳಿದ ಮಕ್ಕಳೂ ಚಾಪೆಯ ಎಳೆ ಬಿಟ್ಟು ನೆಟ್ಟಗೆ ಕೂತಿದ್ದರು. ಅವರ ಮುಖ ಅರಳಿತ್ತು. ಇಷ್ಟು ದಿನ ಶಾಲೆಯಲ್ಲಿ, ಮನೆಯಲ್ಲಿ, ಎಲ್ಲೆಲ್ಲಿಯೂ ಅವರೇ ಕೊನೆಯವರು. ಈಗ ಅವರಿಗಿಂತ ಹಿಂದೆ ಒಬ್ಬಳು ಇದ್ದಳು.

"ಸರಿಯಾಗಿ ಹೇಳಿದೆ ಮಣಿಕಂಠ," ಎಂದಳು ಶಿವರತ್ನಮ್ಮ. ಆಮೇಲೆ ಹಲಗೆಯತ್ತ ನೋಡಿ, ಮಕ್ಕಳು ಇನ್ನೂ ಹಗುರಾಗಲಿ ಎಂದು, "ಪುಷ್ಪ ಮಾಡಿದ್ದು ಕಾಡಿನ ಲೆಕ್ಕ" ಎಂದಳು.

ಮಕ್ಕಳು ಗೊಳ್ಳೆಂದು ನಕ್ಕರು. ಪುಷ್ಪಳೂ ಅವರ ಜೊತೆಗೆ ನಕ್ಕಳು. ಅದು ತನ್ನನ್ನು ಕುರಿತದ್ದೆಂದು ಅವಳಿಗೆ ಪೂರ್ತಿ ಗೊತ್ತಾಗಿರಲಿಲ್ಲ.

ಮರುದಿನವೂ ಶಿವರತ್ನಮ್ಮ ಮೊದಲು ಪುಷ್ಪಳನ್ನೇ ಕರೆದಳು. ಅದರ ಮರುದಿನವೂ. ಪುಷ್ಪ ತಪ್ಪು ಮಾಡುತ್ತಿದ್ದಳು, ಚಾಪೆಯ ಮೇಲಿಂದ ಕೈಗಳು ಮೇಲೇಳುತ್ತಿದ್ದವು. "ನಾನು ಯೇಳ್ತೀನಿ ಮಿಸ್, ನಾನು ಯೇಳ್ತೀನಿ." ತಿದ್ದುವ ಆಸೆಗೆ ಮಕ್ಕಳು ಮನೆಯಲ್ಲಿ ಓದಿಕೊಂಡು ಬರತೊಡಗಿದರು. ಮಗ್ಗಿ ಬಾಯಿಪಾಠವಾಯಿತು. ಯಾರ ಲೆಕ್ಕ ತಪ್ಪಿದರೂ ಉಳಿದವರು "ಕಾಡ್ ಲೆಕ್ಕ, ಕಾಡ್ ಲೆಕ್ಕ" ಎಂದು ಹಾಡುತ್ತಿದ್ದರು. ಹಾಗೆ ಅನ್ನಿಸಿಕೊಳ್ಳಬಾರದೆಂದು ಎಲ್ಲರೂ ಎರಡೆರಡು ಸಲ ನೋಡಿ ಬರೆಯುತ್ತಿದ್ದರು. ಶಾಲೆಯ ಮುಂದಿನ ಪರೀಕ್ಷೆಯಲ್ಲಿ ಮಣಿಕಂಠ ಪಾಸಾದ. ದೊಡ್ಡಬಸಮ್ಮ ಒಂದು ಗೊನೆ ಬಾಳೆಹಣ್ಣು ಕಳಿಸಿದಳು. ಟಿವಿ ಇದ್ದ ಟ್ಯೂಷನ್ನಿಗೆ ಹೋದವರಲ್ಲಿ ಕೆಲವರು ವಾಪಸು ಬಂದರು. ಜಗುಲಿಗೆ ಇನ್ನೊಂದು ಚಾಪೆ ಬೇಕಾಯಿತು.

ಶಿವರತ್ನಮ್ಮ ಇದನ್ನು ಯೋಚಿಸಿ ಶುರು ಮಾಡಿದ್ದಲ್ಲ. ಆದರೆ ಯಾವುದರಿಂದ ಫಲ ಬರುತ್ತಿದೆಯೆಂದು ತಿಳಿಯದಷ್ಟು ಪೆದ್ದಿಯೂ ಅವಳಲ್ಲ. ನವೆಂಬರಿನ ಒಂದು ಸಂಜೆ ಅದು ಅವಳಿಗೆ ಸ್ಪಷ್ಟವಾಯಿತು. ಆ ದಿನ ಪುಷ್ಪ ಹಲಗೆಯ ಮುಂದೆ ನಿಂತು, ತುಟಿ ಕಚ್ಚಿಕೊಂಡು, ಪಕ್ಕದ ಮನೆಯಿಂದ ಹತ್ತು ತೆಗೆದು ಕಳೆಯುವ ಲೆಕ್ಕವನ್ನು ಸರಿಯಾಗಿ ಮಾಡಿದಳು. ಬೇರೆಯವರು ತಿದ್ದುವುದನ್ನು ನೋಡಿ ನೋಡಿಯೇ ಕಲಿತಿದ್ದಳು. ಎತ್ತಿದ್ದ ಕೈಗಳು ಕೆಳಗಿಳಿದವು.

ಶಿವರತ್ನಮ್ಮನಿಗೆ ಮೊದಲು ಬಂದದ್ದು ಸಿಡುಕು. ಅವಳು "ಜಾಣೆ" ಎನ್ನಲಿಲ್ಲ. ಬಟ್ಟೆಯಿಂದ ಹಲಗೆ ಒರೆಸಿ, "ಇದನ್ನ ಮಾಡು ನೋಡೋಣ" ಎಂದು ನಾನೂರರಲ್ಲಿ ನೂರ ಐವತ್ತಾರು ಕಳೆಯುವ ಲೆಕ್ಕ ಬರೆದಳು. ಪುಷ್ಪಳಿಗೆ ಸೊನ್ನೆಯಿಂದ ಹತ್ತು ತೆಗೆಯುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಮುನ್ನೂರ ಐವತ್ತಾರು ಎಂದು ಬರೆದಳು. ಕೈಗಳು ಮತ್ತೆ ಮೇಲೆದ್ದವು. ಜಗುಲಿ ಮತ್ತೆ ಜೀವ ಪಡೆಯಿತು.

ಅಲ್ಲಿಂದ ಮುಂದೆ ಅದೇ ಕ್ರಮವಾಯಿತು. ಉಳಿದವರಿಗೆ ಹೊಸ ಪಾಠವನ್ನು ಮೊದಲು ಹೇಳಿಕೊಟ್ಟು, ಆ ಹೊತ್ತಿನಲ್ಲಿ ಪುಷ್ಪಳನ್ನು ನೀರು ತರಲು, ಹಲಗೆಯ ಬಟ್ಟೆ ಒಗೆಯಲು, ಒಳಗೆ ಒಣಗಿದ ಬಟ್ಟೆ ಮಡಚಲು ಕಳಿಸುತ್ತಿದ್ದಳು. ಅವಳು ಬಂದ ಮೇಲೆ ಆ ಪಾಠದ ಲೆಕ್ಕಕ್ಕೆ ಹಲಗೆಗೆ ಕರೆಯುತ್ತಿದ್ದಳು. ಪುಷ್ಪ ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದಳು. ಮಕ್ಕಳು ಕಾಯುತ್ತಿದ್ದರು.

ಒಳಗಿನಿಂದ ಇದನ್ನೆಲ್ಲ ನೋಡುತ್ತಿದ್ದವಳು ದಿವ್ಯ. ಒಂದು ದಿನ ಮಕ್ಕಳು ಹೋದ ಮೇಲೆ ಅವಳು ಅಮ್ಮನನ್ನು ಕೇಳಿದಳು.

"ಅಮ್ಮ, ಭಾಗಾಕಾರ ಹೇಳಿಕೊಡುವಾಗ ನೀನು ಪುಷ್ಪನ್ನ ನೀರು ತರೋಕೆ ಕಳಿಸಿದ್ದೆ."

"ಹೌದು. ಬಿಂದಿಗೆ ಖಾಲಿಯಾಗಿತ್ತು."

"ಆಮೇಲೆ ಅದೇ ಲೆಕ್ಕಕ್ಕೆ ಅವಳನ್ನೇ ಕರೆದೆ. ಹೇಳಿಕೊಡದೆ ಹೇಗಮ್ಮ ಮಾಡ್ತಾಳೆ?"

ಶಿವರತ್ನಮ್ಮ ಚಾಪೆ ಸುತ್ತುತ್ತಿದ್ದಳು. ಸುತ್ತುವುದನ್ನು ನಿಲ್ಲಿಸಲಿಲ್ಲ. "ನೋಡು ದಿವ್ಯ, ಆ ಹುಡುಗಿಗೆ ಎಷ್ಟು ಹೇಳಿಕೊಟ್ಟರೂ ಅಷ್ಟೇ. ನಾಳೆ ಬೆಟ್ಟಕ್ಕೆ ವಾಪಸ್ ಹೋಗ್ತಾಳೆ, ಮದುವೆ ಮಾಡ್ತಾರೆ. ಆದ್ರೆ ಅವಳಿಂದ ಇಷ್ಟು ಮಕ್ಕಳು ಕಲೀತಿದಾವೆ. ನಾನು ಅವಳನ್ನ ಬಯ್ತೀನಾ? ಹೊಡೀತೀನಾ? ದಿನಾ ಬಿಸ್ಕತ್ತು ಕೊಡ್ತೀನಿ. ಪ್ರೀತಿಯಿಂದ ಬರ್ತಾಳೆ."

"ಅವಳು ಅಳ್ತಾಳೆ ಅಮ್ಮ. ಹಿತ್ತಲಲ್ಲಿ ಬಟ್ಟೆ ಒಗೆಯುವಾಗ ಅಳ್ತಾಳೆ."

"ಎಲ್ಲ ಮಕ್ಕಳೂ ಅಳ್ತವೆ. ನೀನು ನಿನ್ನ ಪರೀಕ್ಷೆ ನೋಡ್ಕೊ."

ದಿವ್ಯ ಅಮ್ಮನ ಜೊತೆ ಮತ್ತೆ ವಾದ ಮಾಡಲಿಲ್ಲ. ಆದರೆ ಪುಷ್ಪ ಶಾಲೆಯಿಂದ ನೇರ ಬರುತ್ತಿದ್ದುದರಿಂದ ಬೇರೆ ಮಕ್ಕಳಿಗಿಂತ ಮೊದಲೇ ಬಂದು ಹಿತ್ತಲಲ್ಲಿ ಕೂರುತ್ತಿದ್ದಳು. ಶಿವರತ್ನಮ್ಮ ಮಲಗಿ ಏಳುವ ಹೊತ್ತು ಅದು. ದಿವ್ಯ ಒಗೆಯುವ ಕಲ್ಲಿನ ಹತ್ತಿರ ಅವಳನ್ನು ಕರೆದು, ಹಳೇ ಪೊರಕೆಯ ಕಡ್ಡಿಗಳನ್ನು ಮುರಿದು, ಹತ್ತು ಹತ್ತರ ಕಟ್ಟು ಮಾಡಿ ದಾರ ಸುತ್ತಿದಳು. ಹತ್ತು ಕಟ್ಟುಗಳನ್ನು ಸೇರಿಸಿ ಒಂದು ನೂರು ಮಾಡಿದಳು.

"ಈಗ ನೂರರಲ್ಲಿ ಆರು ಕೊಡು ನಂಗೆ."

ಪುಷ್ಪ ದೊಡ್ಡ ಕಟ್ಟನ್ನು ನೋಡಿದಳು, ದಾರ ಬಿಚ್ಚಿದಳು, ಒಂದು ಚಿಕ್ಕ ಕಟ್ಟು ಎತ್ತಿ ಅದರ ದಾರವನ್ನೂ ಬಿಚ್ಚಿದಳು, ಆರು ಕಡ್ಡಿ ಎಣಿಸಿ ದಿವ್ಯಳ ಅಂಗೈಯಲ್ಲಿ ಇಟ್ಟಳು. ಆಮೇಲೆ ತಾನು ಮಾಡಿದ್ದನ್ನೇ ನೋಡಿದಳು.

"ಅಕ್ಕ, ಪಕ್ಕದ್ಮನೆ ಅಂದ್ರೆ ಇದೇಯಾ?" ಎಂದು ಕೇಳಿದಳು. "ಸುಮ್ನೆ ಕಟ್ಟು ಬಿಚ್ಚದಾ?"

"ಇದೇ. ಅಷ್ಟೇ."

ಆ ಚಳಿಗಾಲವೆಲ್ಲ ಅವರು ಹೀಗೆ ಕದ್ದು ಪಾಠ ಮಾಡಿದರು. ಪುಷ್ಪ ಬೇಗ ಕಲಿಯುತ್ತಿದ್ದಳು. ಒಮ್ಮೆ ಕಡ್ಡಿಯಲ್ಲಿ ತಿಳಿದದ್ದನ್ನು ಅವಳು ಮರೆಯುತ್ತಿರಲಿಲ್ಲ. ಭಾಗಾಕಾರವನ್ನೂ ಹಾಗೆಯೇ ಕಲಿತಳು. ಹಂಚುವುದಕ್ಕೆ ಕಟ್ಟು ಸಾಲದಿದ್ದಾಗ ಆ ಜಾಗದಲ್ಲಿ ಸೊನ್ನೆ ಬರೆಯಬೇಕೆಂದು ದಿವ್ಯ ಹೇಳಿಕೊಟ್ಟಳು. ಜಗುಲಿಯಲ್ಲಿ ಮಾತ್ರ ಅವಳು ಹೆದರಿ ಹೆದರಿ ತಪ್ಪುತ್ತಲೇ ಇದ್ದಳು. "ಒಂದಿನ ಸರಿಯಾಗಿ ಮಾಡಿ ತೋರಿಸು ಪುಷ್ಪ. ಅಮ್ಮಂಗೂ ಗೊತ್ತಾಗಲಿ," ಎಂದಳು ದಿವ್ಯ. ಆಮೇಲೆ ಎಷ್ಟೋ ಸಲ ಅವಳು ಆ ಮಾತನ್ನು ಯಾಕಾದರೂ ಆಡಿದೆನೋ ಎಂದುಕೊಂಡಳು.

ಸಂಕ್ರಾಂತಿ ಕಳೆದ ಮೇಲೆ ದೊಡ್ಡಬಸಮ್ಮ ಮೊಮ್ಮಗನ ಲೆಕ್ಕ ನೋಡಲು ತಾನೇ ಬಂದಳು. ಜೊತೆಗೆ ಅಗರದ ಇನ್ನಿಬ್ಬರು ಹೆಂಗಸರು. ತಮ್ಮ ಮಕ್ಕಳನ್ನೂ ಇಲ್ಲಿಗೇ ಸೇರಿಸೋಣವೆಂದು ನೋಡಲು ಬಂದವರು. ಶಿವರತ್ನಮ್ಮ ಅವರಿಗೆ ಕುರ್ಚಿ ಹಾಕಿಸಿ, ಕಾಫಿ ಕೊಡಿಸಿ, ಮಕ್ಕಳತ್ತ ತಿರುಗಿದಳು. ಹಲಗೆಯ ಮೇಲೆ ಆರುನೂರ ಇಪ್ಪತ್ನಾಲ್ಕನ್ನು ಆರರಿಂದ ಭಾಗಿಸುವ ಲೆಕ್ಕ ಬರೆದಳು. ಯಾವಾಗಲೂ ಮಾಡುವ ಹಾಗೆ, "ಪುಷ್ಪ, ಬಾ" ಎಂದಳು.

ಪುಷ್ಪ ಬಾಗಿಲ ಹತ್ತಿರ ನಿಂತಿದ್ದ ದಿವ್ಯಳನ್ನು ಒಮ್ಮೆ ನೋಡಿದಳು. ಸೀಮೆಸುಣ್ಣ ತೆಗೆದುಕೊಂಡು ನಿಧಾನವಾಗಿ ಬರೆದಳು. ಒಂದು, ಸೊನ್ನೆ, ನಾಲ್ಕು. ನೂರ ನಾಲ್ಕು.

ಶಿವರತ್ನಮ್ಮ ಹಲಗೆಯತ್ತ ನೋಡುವ ಮೊದಲೇ ಮಣಿಕಂಠನ ಕೈ ಮೇಲೆದ್ದಿತ್ತು. ಅಜ್ಜಿಯ ಮುಂದೆ ಅವನಿಗೆ ತಡೆಯಲಾಗುತ್ತಿರಲಿಲ್ಲ.

"ತಪ್ಪು ಮಿಸ್. ಸೊನ್ನೆ ಸುಮ್ನೆ ಆಕವ್ಳೆ. ಆರೊಂದ್ಲ ಆರು. ಎರಡರಲ್ಲಿ ಆರು ಓಗಲ್ಲ, ಅದ್ಕೆ ನಾಲ್ಕು ಇಳಿಸ್ಕಬೇಕು. ಇಪ್ಪತ್ನಾಲ್ಕಾಯ್ತು. ಆರು ನಾಲ್ಕ್ಲ ಇಪ್ಪತ್ನಾಲ್ಕು. ಉತ್ರ ಹದಿನಾಲ್ಕು."

ಅವನು ಎದ್ದು ನಿಂತು, ಎಲ್ಲೂ ತಡವರಿಸದೆ ಹೇಳಿದ್ದ. ದೊಡ್ಡಬಸಮ್ಮನ ಮುಖ ಅರಳಿತು. ಪಕ್ಕದ ಹೆಂಗಸಿನ ಕಡೆ ತಿರುಗಿ, "ನೋಡ್ದಾ, ನನ್ ಮೊಮ್ಮಗ ಎಂಗೆ ಪಟಪಟ ಅಂತಾನೆ" ಎಂದಳು.

ಶಿವರತ್ನಮ್ಮ ಹಲಗೆಯನ್ನು ನೋಡಿದಳು. ನೂರ ನಾಲ್ಕು ಸರಿ. ಸೊನ್ನೆಯ ಪಾಠ ಈ ಮಕ್ಕಳಿಗೆ ಇನ್ನೂ ಆಗಿರಲಿಲ್ಲ. ಅವಸರದಲ್ಲಿ ಅದನ್ನು ಮರೆತು ಈ ಲೆಕ್ಕ ಹಾಕಿಬಿಟ್ಟಿದ್ದಳು. ಬಾಗಿಲಲ್ಲಿ ದಿವ್ಯ ನಿಂತಿದ್ದಳು. ಕುರ್ಚಿಯ ಮೇಲೆ ಅಗರದ ಮೂವರು ಕೂತಿದ್ದರು. ಮಣಿಕಂಠ ಇನ್ನೂ ನಿಂತೇ ಇದ್ದ, ಹೊಗಳಿಕೆಗೆ ಕಾಯುತ್ತ.

"ಸರಿಯಾಗಿ ಹೇಳಿದೆ ಮಣಿಕಂಠ," ಎಂದಳು ಶಿವರತ್ನಮ್ಮ.

ಪುಷ್ಪ ಅಲುಗಲಿಲ್ಲ. ಅವಳು ಈ ಸಲ ತಲೆ ತಗ್ಗಿಸಲಿಲ್ಲ. "ಇಲ್ಲ ಮಿಸ್," ಎಂದಳು ಮೆಲ್ಲಗೆ. "ಎಲ್ಡು ಕಟ್ನ ಆರು ಜನಕ್ಕೆ ಅಂಚಕಾಗಲ್ಲ. ಅದ್ಕೆ ಅಲ್ಲಿ ಸೊನ್ನೆ."

"ಕಟ್ಟು ಯಾವುದು? ಹಲಗೆ ಮೇಲೆ ಎಲ್ಲಿದೆ ಕಟ್ಟು?"

ಮಕ್ಕಳು ನಕ್ಕರು. ಕುರ್ಚಿಯ ಮೇಲಿನ ಹೆಂಗಸರೂ ನಕ್ಕರು. ದೊಡ್ಡಬಸಮ್ಮ, "ಕಾಡಲ್ಲಿ ಸೌದೆ ಕಟ್ಟು ಕಟ್ಟೋರಲ್ವ, ಅದೇ ಜ್ಞಾಪಕ" ಎಂದಳು. ನಗು ಜೋರಾಯಿತು.

ಶಿವರತ್ನಮ್ಮ ಪುಷ್ಪಳ ಭುಜದ ಮೇಲೆ ಮೃದುವಾಗಿ ಕೈಯಿಟ್ಟಳು. "ಮಣಿಕಂಠ ಹೇಳಿದ್ದು ಕೇಳಿಸ್ಕೊಂಡೆಯಲ್ಲ. ಈಗ ನೀನೇ ಹೇಳು ಪುಷ್ಪ. ನೀನು ಬರೆದದ್ದು ಸರಿಯೋ ತಪ್ಪೋ?"

ಪುಷ್ಪ ಬಾಗಿಲತ್ತ ನೋಡಿದಳು. ದಿವ್ಯ ಬಾಯಿ ತೆರೆದಳು. ಅಮ್ಮ ಅವಳತ್ತ ತಿರುಗಿ ನೋಡಿದ ನೋಟಕ್ಕೆ, ಕುರ್ಚಿಯ ಮೇಲಿದ್ದವರ ಎದುರಿಗೆ, ಅವಳಿಂದ ಮಾತು ಹೊರಡಲಿಲ್ಲ. ಪುಷ್ಪ ಮತ್ತೆ ಹಲಗೆಯತ್ತ ತಿರುಗಿದಳು.

"ತಪ್ಪು ಮಿಸ್," ಎಂದಳು.

"ಒರೆಸು ಹಂಗಾದ್ರೆ."

ಪುಷ್ಪ ತಾನು ಬರೆದದ್ದನ್ನು ತಾನೇ ಒರೆಸಿದಳು. ಆ ಇಬ್ಬರು ಹೆಂಗಸರು ಮಾರನೆಯ ದಿನದಿಂದಲೇ ಮಕ್ಕಳನ್ನು ಕಳಿಸುವುದಾಗಿ ಹೇಳಿ ಹೋದರು.

ಎರಡು ದಿನ ಬಿಟ್ಟು ಶಿವರತ್ನಮ್ಮ ಭಾಗಾಕಾರದಲ್ಲಿ ಸೊನ್ನೆ ಹಾಕುವುದನ್ನು ಹೊಸ ಪಾಠವೆಂದು ಹೇಳಿಕೊಟ್ಟಳು. ಹಳೆಯ ಲೆಕ್ಕದ ಮಾತೆತ್ತಲಿಲ್ಲ. ಮಣಿಕಂಠ ಹೊಸ ಲೆಕ್ಕವನ್ನು ಸರಿಯಾಗಿ ಮಾಡಿ ಚಪ್ಪಾಳೆ ಗಿಟ್ಟಿಸಿದ. ಪುಷ್ಪ ಅಂದು ನೀರು ತರಲು ಹೋಗಿರಲಿಲ್ಲ. ಚಾಪೆಯ ತುದಿಯಲ್ಲೇ ಕೂತು ಅವನು ಬರೆದ ಸೊನ್ನೆಯನ್ನು ನೋಡಿದಳು, ಎಲ್ಲರ ಜೊತೆ ತಾನೂ ಚಪ್ಪಾಳೆ ತಟ್ಟಿದಳು.

ಅಲ್ಲಿಂದ ಮೇಲೆ ಅವಳು ಬರೆದು ಅಳಿಸುವುದು ನಿಂತಿತು. ಕರೆದ ಕೂಡಲೇ ಎದ್ದು ಬಂದು, ಬೇಗ ಬೇಗ ತಪ್ಪು ಉತ್ತರ ಬರೆದು, ಮಕ್ಕಳ ಕಡೆ ತಿರುಗಿ ನಿಲ್ಲುತ್ತಿದ್ದಳು. ಅವರು ನಕ್ಕರೆ ತಾನೂ ನಗುತ್ತಿದ್ದಳು. ದಿವ್ಯ ಹಿತ್ತಲಲ್ಲಿ ಕಡ್ಡಿ ತೆಗೆದರೆ, "ಬ್ಯಾಡ ಅಕ್ಕ" ಎನ್ನುತ್ತಿದ್ದಳು.

"ನಿಂಗೆ ಎಲ್ಲ ಬರುತ್ತಲ್ಲೇ ಪುಷ್ಪ. ಗೊತ್ತಿದ್ದೂ ಯಾಕೆ ತಪ್ಪು ಬರೀತೀಯ?"

"ಸರಿ ಬರುದ್ರೆ ಯಾರೂ ನಗಲ್ಲ," ಎಂದಳು ಪುಷ್ಪ. "ಮಿಸ್ಗೂ ಕ್ವಾಪ ಬತ್ತದೆ."

"ಶಾಲೇಲಾದ್ರೂ ಸರಿಯಾಗಿ ಬರಿ."

ಪುಷ್ಪ ಚೀಲ ತೆಗೆದುಕೊಂಡು ಜಗುಲಿಗೆ ಹೋದಳು. ಶಾಲೆಯಲ್ಲಿಯೂ ಅವಳು ಸರಿಯಾಗಿ ಬರೆಯುತ್ತಿರಲಿಲ್ಲ. ಮೊದಮೊದಲು ಬೇಕೆಂದೇ ತಪ್ಪು ಬರೆಯುತ್ತಿದ್ದಳು. ಬರಬರುತ್ತ ಯಾವುದು ಬೇಕೆಂದು ಬರೆದ ತಪ್ಪು, ಯಾವುದು ನಿಜವಾಗಿ ಬಾರದೆ ಮಾಡಿದ ತಪ್ಪು ಎಂಬುದು ಅವಳಿಗೇ ತಿಳಿಯದ ಹಾಗಾಯಿತು. ಮಾರ್ಚ್ ತಿಂಗಳ ಪರೀಕ್ಷೆಯಲ್ಲಿ ಲೆಕ್ಕದಲ್ಲಿ ತರಗತಿಗೇ ಕೊನೆಯವಳಾದಳು.

ಕ್ಯಾತಮ್ಮ ಒಂದು ಸೀಸೆ ಜೇನುತುಪ್ಪ ಹಿಡಿದುಕೊಂಡು ಶಿವರತ್ನಮ್ಮನ ಮನೆಗೆ ಬಂದಳು. ಮೆಟ್ಟಿಲ ಕೆಳಗೇ ನಿಂತು ಸೀಸೆಯನ್ನು ಜಗುಲಿಯ ಮೇಲಿಟ್ಟಳು.

"ಅಮ್ಮಾವ್ರೇ, ನೀವು ಇಷ್ಟ್ ದಿನ ಕಷ್ಟ ಬಿದ್ರಿ. ಇದ್ಕೆ ತಲೆಗತ್ತನಿಲ್ಲ. ಬುಡಿಸ್ಬುಡವ ಅಂತ ಬಂದಿ. ನಿಮ್ಗೂ ಯಾಕೆ ಸುಮ್ನೆ ತೊಂದ್ರೆ."

ಶಿವರತ್ನಮ್ಮ ಎದ್ದು ಹತ್ತಿರ ಬಂದಳು. "ಬಿಡಿಸಬೇಡ ಕ್ಯಾತಮ್ಮ," ಎಂದಳು. "ನಿಧಾನ ಅಷ್ಟೇ. ಎಲ್ಲರೂ ಒಂದೇ ಥರ ಕಲಿಯಲ್ಲ. ನಂಗೆ ತೊಂದರೆ ಅಂತ ನಾನು ಯಾವತ್ತಾದ್ರೂ ಅಂದಿದ್ದೀನಾ? ಅವಳಿಲ್ಲದಿದ್ರೆ ನಮ್ಮ ಮಕ್ಕಳಿಗೂ ಬೇಜಾರು. ಜೂನಲ್ಲಿ ಮತ್ತೆ ಕಳಿಸು."

ಕ್ಯಾತಮ್ಮನ ಕಣ್ಣು ತುಂಬಿತು. ಬಗ್ಗಿ ಶಿವರತ್ನಮ್ಮನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಶಿವರತ್ನಮ್ಮ "ಅಯ್ಯೋ, ಏಳು ಏಳು" ಎಂದಳು. ಅವಳ ಕಣ್ಣೂ ಒದ್ದೆಯಾಗಿತ್ತು. ತಾನು ಒಳ್ಳೆಯ ಮಾತಾಡಿದೆನೆಂದು ಆ ಹೊತ್ತಿನಲ್ಲಿ ಅವಳಿಗೆ ನಿಜವಾಗಿಯೂ ಅನ್ನಿಸಿತು.

ಮಾರನೆಯ ದಿನ ದಿವ್ಯ ತಾಲ್ಲೂಕು ಕಚೇರಿಯ ಹಿಂಬದಿಗೆ ಹೋಗಿ, ಕಸ ಸುಡುತ್ತಿದ್ದ ಕ್ಯಾತಮ್ಮನಿಗೆ ಎಲ್ಲವನ್ನೂ ಹೇಳಿದಳು. ಹೊಸ ಪಾಠದ ಹೊತ್ತಿಗೆ ಮಗಳನ್ನು ನೀರಿಗೆ ಕಳಿಸುತ್ತಿದ್ದುದು, ದೊಡ್ಡಬಸಮ್ಮನ ಮುಂದೆ ನಡೆದದ್ದು, ನೂರ ನಾಲ್ಕು ಸರಿಯಾಗಿತ್ತೆಂಬುದು, ಒಂದನ್ನೂ ಬಿಡಲಿಲ್ಲ. ಕ್ಯಾತಮ್ಮ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಕೇಳಿಸಿಕೊಂಡಳು.

"ಎತ್ತ ತಾಯ ಮ್ಯಾಲೆ ಇಂಗೆಲ್ಲ ಯೇಳಬಾರ್ದು ಕಣವ್ವ," ಎಂದಳು ಕೊನೆಗೆ.

"ಪುಷ್ಪನ್ನೇ ಕೇಳಿ ಬೇಕಾದ್ರೆ."

ಸಂಜೆ ಕ್ಯಾತಮ್ಮ ಕೋಣೆಯಲ್ಲಿ ಮಗಳನ್ನು ಎದುರಿಗೆ ಕೂರಿಸಿಕೊಂಡು ಕೇಳಿದಳು. ಪುಷ್ಪ ಅಮ್ಮನ ಮುಖವನ್ನೇ ನೋಡಿದಳು. ಅಮ್ಮ ಇಡೀ ದಿನ ದುಡಿದು ಬಂದಿದ್ದಳು. ಅಮ್ಮನಿಗೆ ಯಾವ ಉತ್ತರ ಬೇಕಾಗಿದೆಯೆಂದು ಕಂಡುಹಿಡಿಯಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಮಿಸ್ಸು ಚೆನ್ನಾಗೇ ಯೇಳ್ಕೊಡ್ತರೆ ಅವ್ವ. ನಂಗೇ ಬರಲ್ಲ."

ಬೇಸಿಗೆ ರಜೆಗೆ ಪುಷ್ಪ ಬೆಟ್ಟಕ್ಕೆ, ಅಪ್ಪನ ಹತ್ತಿರ ಹೋದಳು. ಬೆಳ್ಳಯ್ಯ ರಜೆ ಹಾಕಿ, ಪೋಡಿನ ಸೋಮಣ್ಣನ ಜೊತೆ ಸೇರಿ ಜೇನು ಕೀಳುತ್ತಿದ್ದ. ಒಂದು ಬೆಳಗ್ಗೆ ಇಬ್ಬರೂ ಮನೆಯ ಮುಂದೆ ಜೇನಿನ ಡಬ್ಬಗಳನ್ನು ಸಾಲಾಗಿ ಇಟ್ಟರು. ಜೇನು ಕೊಳ್ಳುವ ಸೊಸೈಟಿಯ ಜೀಪು ಬರುವುದಿತ್ತು. ಪೇಟೆಯಲ್ಲಿ ಓದಿ ಬಂದ ಮಗಳ ಬಾಯಲ್ಲಿ ಕೇಳುವ ಆಸೆಗೆ ಬೆಳ್ಳಯ್ಯ ಕರೆದ.

"ಅಮ್ಮಿ, ಸೋಮಣ್ಣಂದು ಎಂಟು ಡಬ್ಬ, ನಮ್ದು ಆರು. ಒಟ್ಟು ಎಷ್ಟಾಯ್ತು ಯೇಳು."

ಪುಷ್ಪ ಡಬ್ಬಗಳನ್ನು ನೋಡಲಿಲ್ಲ. ಅಪ್ಪನ ಮುಖ ನೋಡಿದಳು.

"ಎಷ್ಟನ್ಬೇಕು ಅಪ್ಪ?"

"ಎಷ್ಟವೋ ಅಷ್ಟನ್ನು."

"ಹದಿಮೂರು."

ಸೋಮಣ್ಣ ನಕ್ಕ. ಪುಷ್ಪಳಿಗೆ ಸಮಾಧಾನವಾಯಿತು, ಅವಳೂ ನಕ್ಕಳು. ಬೆಳ್ಳಯ್ಯ ನಗಲಿಲ್ಲ. ಅವಳ ಕೈ ಹಿಡಿದು ಒಂದೊಂದೇ ಡಬ್ಬ ಮುಟ್ಟಿಸಿ ಎಣಿಸಲು ಹೇಳಿದ. ಅವಳು ಗಟ್ಟಿಯಾಗಿ, ಎಲ್ಲೂ ತಪ್ಪದೆ, ಹದಿನಾಲ್ಕರವರೆಗೆ ಎಣಿಸಿದಳು.

"ಈಗ ಯೇಳು. ಎಷ್ಟವೆ?"

ಅವಳು ಸೋಮಣ್ಣನ ಕಡೆ ನೋಡಿದಳು. ಆಮೇಲೆ ಅಪ್ಪನ ಕಡೆ.

"ಹದಿಮೂರು," ಎಂದಳು.

ಬೆಳ್ಳಯ್ಯನಿಗೆ ಏನೂ ಅರ್ಥವಾಗಲಿಲ್ಲ. ಅವಳ ಹಣೆ ಮುಟ್ಟಿ ನೋಡಿದ. ಜ್ವರ ಇರಲಿಲ್ಲ. ಕ್ಯಾತಮ್ಮ ಆ ವಾರ ಬೆಟ್ಟಕ್ಕೆ ಬಂದಾಗ, "ಮಗಿ ಇಲ್ಲೇ ಇರ್ಲಿ, ಬ್ಯಾಡ ಆ ಊರು" ಎಂದ. ಕ್ಯಾತಮ್ಮ ಒಪ್ಪಲಿಲ್ಲ. "ಅಷ್ಟ್ ದೊಡ್ಡೋರು, ಬುಡಿಸ್ಬೇಡ ಅಂತ ಅವ್ರೇ ಅಂದವ್ರೆ. ನಾವೇ ಕೈ ಬುಟ್ರೆ ಎಂಗೆ?" ಎಂದಳು. ಮಾತು ಬೆಳೆಯಿತು. ಕೊನೆಗೆ ಬೆಳ್ಳಯ್ಯನೇ ಒಪ್ಪಿಕೊಂಡ.

ಜೂನ್ ತಿಂಗಳಲ್ಲಿ ದಿವ್ಯ ಮೈಸೂರಿನ ಕಾಲೇಜಿಗೆ ಸೇರಿ ಅಲ್ಲಿನ ಹಾಸ್ಟೆಲಿಗೆ ಹೋದಳು. ಹೋಗುವ ದಿನ ಅಮ್ಮನ ಜೊತೆ ಸರಿಯಾಗಿ ಮಾತಾಡಲಿಲ್ಲ. ಶಿವರತ್ನಮ್ಮ ಅದನ್ನು ವಯಸ್ಸಿನ ಗುಣವೆಂದುಕೊಂಡಳು.

ಟ್ಯೂಷನ್ ಶುರುವಾಯಿತು. ಪುಷ್ಪ ಬೆಟ್ಟದಿಂದ ಇಳಿಯುವುದು ತಡವಾಯಿತು. ಅವಳಿಲ್ಲದ ಆ ದಿನಗಳಲ್ಲಿ ಜಗುಲಿ ಮತ್ತೆ ಮಂಕಾಗಿತ್ತು. ಮೂರನೆಯ ತರಗತಿಗೆ ಹೊಸದಾಗಿ ಸೇರಿದ್ದ ರಾಣಿ ಎಂಬ ಸಣ್ಣ ಹುಡುಗಿಯನ್ನು ಶಿವರತ್ನಮ್ಮ ಮೊದಲು ಹಲಗೆಗೆ ಕರೆದು ನೋಡಿದಳು. ಮಕ್ಕಳು "ಕಾಡ್ ಲೆಕ್ಕ" ಎಂದು ಹಾಡಿದಾಗ ರಾಣಿ ಬಿಕ್ಕಿ ಬಿಕ್ಕಿ ಅತ್ತಳು. ಅವಳ ಅಪ್ಪ ಬಂದು ಜಗಳವಾಡಿಕೊಂಡು ಹೋದ, ಆದರೂ ಮಗಳನ್ನು ಬಿಡಿಸಲಿಲ್ಲ. ಮಣಿಕಂಠ ಐದನೆಯ ತರಗತಿಯ ಮೊದಲ ಲೆಕ್ಕದಲ್ಲೇ ತಡವರಿಸಿ, ಹಳೆಯ ಹಾಗೆ ಚಾಪೆಯ ಎಳೆ ಕೀಳತೊಡಗಿದ್ದ.

ಒಂದು ಸಂಜೆ ಗೇಟಿನ ಹತ್ತಿರ ಪುಷ್ಪ ಕಂಡಳು. ಮೊದಲು ನೋಡಿದವನು ಮಣಿಕಂಠನೇ.

"ಮಿಸ್, ಪುಷ್ಪ ಬಂದ್ಲು," ಎಂದು ಎದ್ದು ನಿಂತ.

ಮಕ್ಕಳೆಲ್ಲ ತಿರುಗಿ ನೋಡಿದರು. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು. ಯಾರೋ ಸರಿದು ಚಾಪೆಯ ನಡುವೆ ಜಾಗ ಮಾಡಿದರು, ಇನ್ಯಾರೋ ಅವಳ ಚೀಲ ತೆಗೆದುಕೊಂಡರು. ಇಷ್ಟು ದಿನ ಚಾಪೆಯ ತುದಿಯಲ್ಲಿ ಅರ್ಧ ನೆಲದ ಮೇಲೆ ಕೂರುತ್ತಿದ್ದ ಪುಷ್ಪ ನಾಚಿಕೊಂಡು ನಡುವೆ ಕೂತಳು. ತನಗಾಗಿ ಇಷ್ಟು ಜನ ಕಾಯುತ್ತಿದ್ದರೆಂದು ಅವಳು ಎಣಿಸಿರಲಿಲ್ಲ. ಕೂತ ಮೇಲೂ ಅವಳ ಮುಖದಲ್ಲಿ ನಗು ಹಾಗೇ ಇತ್ತು.

"ಬಾಮ್ಮ," ಎಂದಳು ಶಿವರತ್ನಮ್ಮ. ಅವಳ ದನಿ ಮೃದುವಾಗಿತ್ತು. "ರಜೆಯಲ್ಲಿ ಎಷ್ಟು ಮರೆತು ಬಂದಿದ್ದೀಯ ನೋಡೋ‍ಣ."

ಹಲಗೆಯ ಮೇಲೆ ಒಂದು ಸಣ್ಣ ಕೂಡುವ ಲೆಕ್ಕ ಬರೆದಳು. ಪುಷ್ಪ ಎದ್ದು ಹೋಗಿ ಉತ್ತರ ಬರೆದು, ಮಕ್ಕಳ ಕಡೆ ತಿರುಗಿ ನಿಂತಳು.

ಹಿಂದಿನ ಸಾಲಿನಲ್ಲಿ ರಾಣಿ ಮುಖ ಎತ್ತಿದಳು. ಹಲಗೆ ನೋಡಿದಳು, ಬೆರಳಿನಲ್ಲಿ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಆಮೇಲೆ ಮೊದಲ ಸಲ ಕೈ ಎತ್ತಿದಳು.

"ಮಿಸ್, ನಾನು ಯೇಳ್ತೀನಿ."